ಫೋರ್ಟಿನ ಮೆಟ್ಟಿಲುಗಳೂ ಅರವತ್ತು ದಾಟಿದ ಮಂಡಿಗಳೂ

ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ. ಬಜಾರ್‌ಗೇಟ್, ಬೋರಾ ಬಜಾರ್, ಮಿಂಟ್ ರೋಡ್ ಸುತ್ತಿನ ಗಲ್ಲಿಗಳಲ್ಲಿ ಮೂರು ನಾಲ್ಕು ಮಾಳಿಗೆಯ ಕಟ್ಟಡಗಳಿಗೂ ಕಡಿದಾದ ಮರದ ಮೆಟ್ಟಿಲುಗಳೇ ದಾರಿ. ಕೈಗೆ ಆಧಾರವಾಗಿ ಒಂದು ಬದಿಗೆ ಕಟಕಟೆ, ಕೆಲವು ಕಡೆ ಮೇಲಿನಿಂದ ಇಳಿಬಿಟ್ಟ ಹಗ್ಗ ಮಾತ್ರ. ಈ ಕಟ್ಟಡಗಳಲ್ಲಿ ಬದುಕು ಕಳೆದ ನಮ್ಮ ಕರ್ನಾಟಕದವರು ಅರವತ್ತರ ಗಡಿ ದಾಟಿದ ಮೇಲೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಹತ್ತುವುದು ಹೇಗೋ ಆಗುತ್ತದೆ, ಇಳಿಯುವುದೇ ಕಷ್ಟ." ಬೆಳಿಗ್ಗೆ ಎದ್ದಾಗ ಮಂಡಿ ಹಿಡಿದುಕೊಂಡಿರುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ಲೋಕಲ್ ಟ್ರೇನಿನಲ್ಲಿ ಕುಳಿತು ಬಂದರೆ ಸಿಎಸ್‌ಎಂಟಿ ನಿಲ್ದಾಣದಲ್ಲಿ ಎದ್ದು ನಿಲ್ಲುವಾಗ ಒಂದು ಗಳಿಗೆ ಕಾಲು ಮಾತು ಕೇಳುವುದಿಲ್ಲ. ವೈದ್ಯರು ಮೊಣಕಾಲಿನ ಅಸ್ಥಿಸಂಧಿವಾತವನ್ನು, ಅಂದರೆ ಕೀಲಿನ ಸವೆತವನ್ನು, ಗುರುತಿಸುವುದು ಬಹುಪಾಲು ಇಂಥ ಮಾತುಗಳಿಂದಲೇ.

ಈ ನೋವಿನ ಹಿಂದೆ ವಯಸ್ಸಿನ ಜೊತೆಗೆ ದುಡಿಮೆಯ ಚರಿತ್ರೆಯೂ ಇದೆ. ಉಡುಪಿ, ದಕ್ಷಿಣ ಕನ್ನಡದ ಊರುಗಳಿಂದ ಎಳೆಯ ಪ್ರಾಯದಲ್ಲೇ ಹೊರಟು ಬಂದವರು ಫೋರ್ಟಿನ ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ನಿಂತು ದುಡಿದರು. ಸಂಜೆ ರಾತ್ರಿ ಶಾಲೆಯ ಮೆಟ್ಟಿಲು ಹತ್ತಿ ಕಲಿತರು. ಹಿಟ್ಟಿನ ಪಾತ್ರೆ, ನೀರಿನ ಹಂಡೆ ಎತ್ತಿದರು, ಕುಕ್ಕರುಗಾಲಲ್ಲಿ ಕುಳಿತು ತರಕಾರಿ ಹೆಚ್ಚಿದರು, ಪಾತ್ರೆ ತೊಳೆದರು. ಅವರ ಮನೆಯ ಹೆಂಗಸರು ಚಾಳಿನ ನಲ್ಲಿಯಿಂದ ನೀರು ಹೊತ್ತರು, ಮಂಡಿಯೂರಿ ನೆಲ ಒರೆಸಿದರು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರು ತಲೆಯ ಮೇಲೆ ಇಟ್ಟಿಗೆ ಹೊತ್ತು ಮಾಳಿಗೆ ಏರಿದರು. ಭಾರ ಎತ್ತುವುದು, ದೀರ್ಘಕಾಲ ಕುಕ್ಕರುಗಾಲಲ್ಲಿ ಕೂರುವುದು, ಮಂಡಿಯೂರಿ ದುಡಿಯುವುದು ಇವೆಲ್ಲ ಮುಂದೆ ಮೊಣಕಾಲಿನ ಸಂಧಿವಾತದ ಸಾಧ್ಯತೆಯನ್ನು ಹೆಚ್ಚಿಸುತ್ತವೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಹಾಗಾಗಿ ಈ ಮಂಡಿಗಳ ಬಗ್ಗೆ "ವಯಸ್ಸಾಯಿತಲ್ಲ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಅಸ್ಥಿಸಂಧಿವಾತ ಇತ್ತು. ಇದು ಅತಿ ಹೆಚ್ಚಾಗಿ ಕಾಡುವುದು ಮೊಣಕಾಲನ್ನೇ; ಹಾಗೆ ಬಳಲುವವರು ಸುಮಾರು 36.5 ಕೋಟಿ. ಒಟ್ಟು ಪೀಡಿತರಲ್ಲಿ ನೂರಕ್ಕೆ ಅರವತ್ತು ಮಂದಿ ಹೆಂಗಸರು.

ಮೊಣಕಾಲಿನ ಒಳಗೆ ಏನಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ಮಾಡಬೇಕಾದ್ದೆಲ್ಲ ಅದರ ಮೇಲೆಯೇ ನಿಂತಿದೆ. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆ ಸೇರುವಲ್ಲಿ ಎರಡರ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಅದರೊಳಗೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹಾಗಾದರೆ ಅದಕ್ಕೆ ಆಹಾರ ಎಲ್ಲಿಂದ? ಕೀಲಿನೊಳಗಿನ ದ್ರವದಿಂದ. ಕಾಲೂರಿದಾಗ ಮೃದ್ವಸ್ಥಿ ನೀರಿನಲ್ಲಿ ಅದ್ದಿದ ಸ್ಪಂಜಿನ ಹಾಗೆ ಅದುಮಿಕೊಂಡು ಹಳೆಯ ದ್ರವವನ್ನು ಹೊರಗೆ ಬಿಡುತ್ತದೆ, ಕಾಲೆತ್ತಿದಾಗ ಹೊಸದನ್ನು ಹೀರಿಕೊಳ್ಳುತ್ತದೆ. ಅಂದರೆ ನಡೆದರಷ್ಟೇ ಅದಕ್ಕೆ ಊಟ. "ಗ್ರೀಸ್ ಒಣಗಿದೆ, ಇನ್ನು ಹೆಚ್ಚು ನಡೆದರೆ ಇದ್ದದ್ದೂ ಸವೆಯುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮಂಡಿ ನೋವಿನ ವಿಷಯದಲ್ಲಿ ಜನರಿಗೆ ಅತಿ ಹೆಚ್ಚು ಕೇಡು ಮಾಡಿದ ನಂಬಿಕೆ ಇದೇ ಎಂದು ನಾನು ತಿಳಿದಿದ್ದೇನೆ.

ಮೃದ್ವಸ್ಥಿಯಲ್ಲಿ ನರವೇ ಇಲ್ಲದಿದ್ದರೆ ನೋಯುವುದು ಯಾವುದು? ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು, ಸ್ನಾಯುರಜ್ಜು ಎಲ್ಲಕ್ಕೂ ನೋವು ಗೊತ್ತಾಗುತ್ತದೆ. ಎಕ್ಸ್‌ರೇ ಚಿತ್ರಕ್ಕೂ ನೋವಿಗೂ ಎಷ್ಟೋ ಸಲ ತಾಳೆಯಾಗದಿರುವುದು ಇದರಿಂದಲೇ. ಚಿತ್ರದಲ್ಲಿ ಮೂಳೆಗೆ ಮೂಳೆ ತಾಗಿದಂತೆ ಕಂಡರೂ ದಿನವೂ ವಾಕಿಂಗ್ ಹೋಗುವವರಿದ್ದಾರೆ. ಚಿತ್ರ ಹೆಚ್ಚು ಕೆಟ್ಟಿರದಿದ್ದರೂ ಎರಡು ಮೆಟ್ಟಿಲು ಹತ್ತಲಾರದವರಿದ್ದಾರೆ. "ಮೂರನೇ ಹಂತ, ನಾಲ್ಕನೇ ಹಂತ" ಎಂದು ವರದಿಯಲ್ಲಿ ಓದಿದ ತಕ್ಷಣ ಎದೆಗುಂದಬೇಕಿಲ್ಲ.

ಇನ್ನು ಸ್ನಾಯುವಿನ ವಿಚಾರ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವೇ ಮೊಣಕಾಲಿನ ಮುಖ್ಯ ಕಾವಲುಗಾರ. ಪ್ರತಿ ಹೆಜ್ಜೆಯಲ್ಲೂ, ಅದರಲ್ಲೂ ಮೆಟ್ಟಿಲು ಇಳಿಯುವಾಗ, ಮೈಭಾರ ಕೀಲಿನ ಮೇಲೆ ಧೊಪ್ಪನೆ ಬೀಳದಂತೆ ತಡೆದು ಮೆಲ್ಲನೆ ಇಳಿಸುವ ಕೆಲಸ ಅದರದ್ದು. ಮಂಡಿ ನೋಯಲು ತೊಡಗಿದಾಗ ಮನುಷ್ಯ ಸಹಜವಾಗಿ ನಡೆಯುವುದನ್ನು ಕಡಿಮೆ ಮಾಡುತ್ತಾನೆ. ಕೆಲವೇ ವಾರಗಳಲ್ಲಿ ಈ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಕೀಲಿನ ಮೇಲೆ ಹೊಡೆತ ಹೆಚ್ಚು, ಹೊಡೆತ ಹೆಚ್ಚಿದಷ್ಟೂ ನೋವು, ನೋವು ಹೆಚ್ಚಿದಷ್ಟೂ ಕುರ್ಚಿಯ ಸಹವಾಸ. ನಲವತ್ತು ವರ್ಷ ಓಡಾಡಿ ದುಡಿದ ಹೋಟೆಲ್ ಕಾರ್ಮಿಕರು ಊರಿಗೆ ಮರಳಿ ಜಗಲಿಯಲ್ಲಿ ಕುಳಿತ ಒಂದೆರಡು ವರ್ಷಗಳಲ್ಲೇ ಕೋಲು ಹಿಡಿಯುವಂತಾಗುವುದು ಹೀಗೆ. ಮಕ್ಕಳು ಪ್ರೀತಿಯಿಂದ "ಅಪ್ಪಾ, ನೀವು ಕೂತುಕೊಳ್ಳಿ, ನಾನು ತಂದುಕೊಡುತ್ತೇನೆ" ಎನ್ನುತ್ತಾರೆ. ಆ ಪ್ರೀತಿ ಒಳ್ಳೆಯದೇ, ಆದರೆ ಅಪ್ಪನ ಕಾಲಿಗೆ ಬೇಕಾದದ್ದು ಬೇರೆ.

ಬೇಕಾದದ್ದು ವ್ಯಾಯಾಮ. ಮೊಣಕಾಲಿನ ಅಸ್ಥಿಸಂಧಿವಾತಕ್ಕೆ ಜಗತ್ತಿನ ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳೆಲ್ಲ ಮೊದಲ ಚಿಕಿತ್ಸೆಯಾಗಿ ಹೇಳುವುದು ಇದನ್ನೇ. ಇದಕ್ಕೆ ಜಿಮ್ ಬೇಡ, ಯಂತ್ರ ಬೇಡ. ಹತ್ತಡಿ ಕೋಣೆಯಲ್ಲೂ ಮಾಡಬಹುದು. ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟುಕೊಳ್ಳಿ. ತೊಡೆ ಬಿಗಿಹಿಡಿದು ಟವೆಲನ್ನು ಕೆಳಕ್ಕೆ ಒತ್ತಿ, ಐದು ಎಣಿಸುವವರೆಗೆ ಹಿಡಿದು ಬಿಡಿ. ಹೀಗೆ ಹತ್ತು ಸಲ. ಆಮೇಲೆ ಬೆನ್ನ ಮೇಲೆ ಮಲಗಿ, ಒಂದು ಕಾಲನ್ನು ಮಡಚಿಟ್ಟು, ಇನ್ನೊಂದನ್ನು ನೇರವಾಗಿಯೇ ಒಂದಡಿಯಷ್ಟು ಎತ್ತಿ ಹಿಡಿದು ನಿಧಾನ ಇಳಿಸಿ. ಗೋಡೆಗೆ ಕೈಕೊಟ್ಟು ತುದಿಗಾಲಲ್ಲಿ ನಿಂತು ಇಳಿಯುವುದು ಮೂರನೆಯದು.

ಇವೆಲ್ಲಕ್ಕಿಂತ ಬೆಲೆಬಾಳುವುದು ಕುರ್ಚಿಯಿಂದ ಏಳುವ ಅಭ್ಯಾಸ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಜಾರದಂತೆ ಗೋಡೆಗೆ ಆನಿಸಿಟ್ಟು, ಎರಡೂ ಕೈ ಎದೆಯ ಮೇಲೆ ಕಟ್ಟಿ, ಕಾಲಿನ ಬಲದಿಂದಲೇ ಎದ್ದು ಮತ್ತೆ ಅಷ್ಟೇ ನಿಧಾನವಾಗಿ ಕೂರುವುದು. ಮೊದಮೊದಲು ಕೈ ಊರಬೇಕಾಗುತ್ತದೆ, ಇಲ್ಲವೇ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರಿಸಿಕೊಳ್ಳಬೇಕಾಗುತ್ತದೆ, ಅದರಲ್ಲಿ ನಾಚಿಕೆಯೇನಿಲ್ಲ. ಐದು ಸಲದಿಂದ ಶುರುಮಾಡಿ ವಾರವಾರ ಹೆಚ್ಚಿಸುತ್ತ ಹೋಗಿ. ಶೌಚದಿಂದ, ಟ್ರೇನಿನ ಸೀಟಿನಿಂದ, ಸಭೆಯ ಕುರ್ಚಿಯಿಂದ ಯಾರ ಕೈಯನ್ನೂ ಹಿಡಿಯದೆ ಏಳುವ ಶಕ್ತಿ ಇದರಿಂದಲೇ ಮರಳುತ್ತದೆ.

"ವ್ಯಾಯಾಮ ಮಾಡಿದರೆ ನೋವಾಗುತ್ತದಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಾಡುವಾಗ ಸ್ವಲ್ಪ ನೋವು ಕಾಣಿಸಿಕೊಂಡು ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಅಪಾಯವಿಲ್ಲ. ಮರುದಿನವೂ ನೋವು ಏರಿಯೇ ಇದ್ದರೆ, ಮಂಡಿ ಊದಿದರೆ, ಮಾಡಿದ್ದು ಹೆಚ್ಚಾಯಿತೆಂದು ತಿಳಿದು ಎಣಿಕೆ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಫಲ ತಿಳಿಯಲು ಆರೆಂಟು ವಾರ ಬೇಕು. ಬಹುತೇಕರು ಎರಡನೇ ವಾರಕ್ಕೇ ಕೈಬಿಡುತ್ತಾರೆ, ಆಮೇಲೆ "ಎಕ್ಸರ್‌ಸೈಜ್ ನನಗೆ ನಾಟಲಿಲ್ಲ" ಎನ್ನುತ್ತಾರೆ. ಗುಳಿಗೆಗೆ ಕೊಡುವಷ್ಟಾದರೂ ತಾಳ್ಮೆಯನ್ನು ಇದಕ್ಕೂ ಕೊಡಬೇಕು.

ನಡಿಗೆಗೆ ಫೋರ್ಟಿನಂಥ ಜಾಗ ಮುಂಬಯಿಯಲ್ಲಿ ಇನ್ನೊಂದಿಲ್ಲ ಎನ್ನುವಷ್ಟು ಅಭಿಮಾನ ನನಗಿದೆ. ದಾದಾಭಾಯಿ ನವರೋಜಿ ರಸ್ತೆಯ ಕಮಾನುಗಳ ಕೆಳಗೆ ಮಳೆಗಾಲದಲ್ಲೂ ಬಹುಪಾಲು ನೆನೆಯದೆ ಸಿಎಸ್‌ಎಂಟಿಯಿಂದ ಫ್ಲೋರಾ ಫೌಂಟನ್ ಕಡೆಗೆ ನಡೆಯಬಹುದು. ಹಾರ್ನಿಮನ್ ಸರ್ಕಲಿನ ಉದ್ಯಾನದಲ್ಲಿ ಮರದ ನೆರಳಿದೆ, ಅಲ್ಲಲ್ಲಿ ಕೂರಲು ಬೆಂಚಿದೆ. ಓವಲ್ ಮೈದಾನದ ಮಣ್ಣು ಕಾಂಕ್ರೀಟಿಗಿಂತ ಕಾಲಿಗೆ ಹಿತ. ರವಿವಾರ ಬೆಳಿಗ್ಗೆ ಕಚೇರಿಗಳು ಮುಚ್ಚಿದ್ದಾಗ ಈ ಬೀದಿಗಳಲ್ಲಿ ಧಾರಾಳವಾಗಿ ಹೆಜ್ಜೆ ಹಾಕಬಹುದು. ಮಂಡಿ ಸಂಧಿವಾತವಿದ್ದ ಐವತ್ತು ದಾಟಿದವರನ್ನು ಹಲವು ವರ್ಷ ಗಮನಿಸಿ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವ್ಯಾಯಾಮಕ್ಕೆಂದು ನಡೆಯುತ್ತಿದ್ದವರಲ್ಲಿ ಹೊಸದಾಗಿ ಪದೇಪದೇ ನೋವು ಶುರುವಾಗುವುದು ನಡೆಯದವರಿಗಿಂತ ಕಡಿಮೆ ಎಂದು ಕಂಡುಬಂತು. ಒಮ್ಮೆಲೇ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ. ಹಿಮ್ಮಡಿ ಸವೆದ ಚಪ್ಪಲಿ ಬಿಟ್ಟು ಮೆತ್ತನೆಯ ಅಡಿಯ, ಪಾದವನ್ನು ಹಿಡಿದಿಡುವ ಬೂಟು ಹಾಕಿ.

ಮೆಟ್ಟಿಲಿನ ವಿಷಯದಲ್ಲಿ ಫಿಸಿಯೋಥೆರಪಿಸ್ಟರು ಹೇಳಿಕೊಡುವ ಒಂದು ಕ್ರಮ ಬಹಳ ಜನಕ್ಕೆ ಗೊತ್ತಿಲ್ಲ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಸೇರಿಸಿ, ಕಟಕಟೆ ಹಿಡಿದು ಸಾಗಬೇಕು. ಕೋಲು ಹಿಡಿಯುವುದಾದರೆ ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲಮಂಡಿ ನೋಯುವವರು ಬಲಗೈಯಲ್ಲೇ ಕೋಲು ಊರುವುದನ್ನು ಸಿಎಸ್‌ಎಂಟಿಯ ಸುರಂಗದಾರಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಎಡಗೈಗೆ ಬದಲಿಸಿಕೊಂಡರೆ ಅದೇ ಕೋಲು ಹೆಚ್ಚು ಭಾರ ಹೊರುತ್ತದೆ.

ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು, ಕೂತು ಬಳಸುವ ದೇಶಿ ಶೌಚ ನಮ್ಮ ಬದುಕಿನ ಭಾಗ. ನೋವು ಹೆಚ್ಚಿದ್ದಾಗ ಇವುಗಳಿಗೆ ಬಿಡುವು ಕೊಡಿ: ಭಜನೆಗೆ ಕುರ್ಚಿ, ಶೌಚಕ್ಕೆ ಕಮೋಡ್ ಕುರ್ಚಿ, ಅಡುಗೆಮನೆಯಲ್ಲಿ ನಿಂತು ಮಾಡುವ ಕಟ್ಟೆ. ದೇವರ ಮುಂದೆ ಕುರ್ಚಿಯಲ್ಲಿ ಕುಳಿತರೆ ಭಕ್ತಿ ಕಡಿಮೆಯಾಗುವುದಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಕಲಾವಿದ ಮಂಡಿಯ ಮೇಲೆಯೇ ಸುತ್ತು ಹಾಕುವುದನ್ನು ಕಂಡು ಮುಂಬಯಿಯ ಸಭಾಂಗಣಗಳಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದವರು. ಆ ಮಂಡಿಗಳು ರಂಗದಿಂದ ಇಳಿದ ಮೇಲೆ ಅನುಭವಿಸುವುದನ್ನೂ ನಾವು ನೆನೆಯಬೇಕಲ್ಲವೇ?

ತೂಕದ ಮಾತು ಕೇಳಲು ಯಾರಿಗೂ ಇಷ್ಟವಿಲ್ಲ, ಆದರೂ ಹೇಳಲೇಬೇಕು. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರ ಸಂಶೋಧನೆಯೊಂದು ಅಳೆದು ತೋರಿಸಿತು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ಹೆಂಗಸರನ್ನು ದೀರ್ಘಕಾಲ ಗಮನಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವರ್ಷಗಳಲ್ಲಿ ಸುಮಾರು ಐದು ಕಿಲೋ ಇಳಿಸಿಕೊಂಡವರಿಗೆ ನೋವಿನ ಮಂಡಿ ಸಂಧಿವಾತ ಬರುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಐದು ಕಿಲೋ ಅಸಾಧ್ಯದ ಗುರಿಯಲ್ಲ. ಅನ್ನದ ಎರಡನೇ ಸುತ್ತು, ದಿನದ ನಾಲ್ಕನೇ ಚಹಾದ ಸಕ್ಕರೆ, ಸಂಜೆಯ ಕರಿದ ತಿಂಡಿ ಬಿಟ್ಟು, ಕಾಳು, ಮೊಟ್ಟೆ, ಮೀನು ಹೆಚ್ಚಿಸಿದರೆ ಸ್ನಾಯುವೂ ಉಳಿಯುತ್ತದೆ, ತೂಕವೂ ಇಳಿಯುತ್ತದೆ.

ನೋವು ನಿವಾರಣೆಗೆ ಏನಿದೆ? ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಶಾಖ ಹಿತ. ಅಜ್ಜಿ ಕಾಲದ ಎಣ್ಣೆ ತಿಕ್ಕಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೃದ್ವಸ್ಥಿ ಅದರಿಂದ ಬೆಳೆಯದಿದ್ದರೂ ಸ್ನಾಯು ಸಡಿಲಗೊಂಡು ವ್ಯಾಯಾಮ ಸಲೀಸಾಗುತ್ತದೆ. ಮಂಡಿ ಚರ್ಮದ ಹತ್ತಿರವೇ ಇರುವ ಕೀಲಾದ್ದರಿಂದ ಡೈಕ್ಲೋಫೆನಾಕ್ ಮುಲಾಮು ಚೆನ್ನಾಗಿ ಕೆಲಸ ಮಾಡುತ್ತದೆ. ಗುಳಿಗೆಗಿಂತ ಅದನ್ನು ಮೊದಲು ಬಳಸಿ ನೋಡುವುದು ಒಳ್ಳೆಯದು. ನೋವಿನ ಗುಳಿಗೆಯನ್ನು ಮಾತ್ರ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತೆಗೆದುಕೊಂಡು ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರ ಹೊಟ್ಟೆ, ಮೂತ್ರಪಿಂಡ, ಹೃದಯ ಮೂರಕ್ಕೂ ಅದರಿಂದ ಅಪಾಯವಿದೆ.

ಜನರ ದುಡ್ಡು ಹೆಚ್ಚು ಪೋಲಾಗುವುದು ಇನ್ನೊಂದು ಕಡೆ. ಗ್ಲುಕೋಸಮಿನ್ ಗುಳಿಗೆಗಳನ್ನು 2006ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ, ಒಟ್ಟಾರೆಯಾಗಿ ಅವು ಔಷಧವಿಲ್ಲದ ಸಪ್ಪೆ ಗುಳಿಗೆಗಿಂತ ಮೇಲೆಂದು ಕಾಣಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೆಮ್ಮದಿ ಕೊಡುತ್ತದೆ, ತೀವ್ರ ನೋವಿನಲ್ಲಿ ಅದಕ್ಕೊಂದು ಸ್ಥಾನವಿದೆ. ಆದರೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡವರಲ್ಲಿ ಮೃದ್ವಸ್ಥಿ ಹೆಚ್ಚು ನಷ್ಟವಾದದ್ದು, ನೋವಿನಲ್ಲಿ ವ್ಯತ್ಯಾಸ ಕಾಣದಿದ್ದದ್ದು 2017ರ ಪರೀಕ್ಷೆಯಲ್ಲಿ ತಿಳಿಯಿತು. ಸಣ್ಣ ತೂತು ಕೊರೆದು ದುರ್ಬೀನಿನ ಮೂಲಕ ಮಂಡಿಯನ್ನು "ಸ್ವಚ್ಛಗೊಳಿಸುವ" ಆರ್ಥ್ರೋಸ್ಕೋಪಿಯ ಕಥೆ ಇನ್ನೂ ಕಣ್ತೆರೆಸುವಂಥದ್ದು. 2002ರಲ್ಲಿ ಹ್ಯೂಸ್ಟನ್ನಿನ ವೈದ್ಯರು 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಶಸ್ತ್ರಕ್ರಿಯೆ ಮಾಡಿದರು, ಕೆಲವರಿಗೆ ಚರ್ಮ ಸೀಳಿ ಹೊಲಿದು ಬಿಟ್ಟರು. ಎರಡು ವರ್ಷದವರೆಗೆ ನೋಡಿದರೂ ಎರಡೂ ಗುಂಪಿನ ನೋವಿನಲ್ಲಿ ಅಂತರವಿರಲಿಲ್ಲ. ವಯಸ್ಸಿನ ಸವೆತಕ್ಕೆ ಈ ಶಸ್ತ್ರಕ್ರಿಯೆ ಬೇಡವೆಂದು 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಮಂಡಳಿಯೊಂದು ಬಲವಾಗಿ ಶಿಫಾರಸು ಮಾಡಿತು.

ಮಂಡಿ ಬದಲಿಸುವ ಶಸ್ತ್ರಕ್ರಿಯೆಯ ಮಾತೇ ಬೇರೆ. 2000ದ ಅಕ್ಟೋಬರಿನಲ್ಲಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಎಡಮಂಡಿ ಬದಲಿಸಿಕೊಂಡಾಗ ಅವರಿಗೆ 75 ವರ್ಷ. ಶಸ್ತ್ರಕ್ರಿಯೆ ಮಾಡಿದವರು ನ್ಯೂಯಾರ್ಕಿನಿಂದ ಬಂದ ಡಾ. ಚಿತ್ತರಂಜನ್ ರಾಣಾವತ್. ಇಂದಿನ ಕೃತಕ ಮಂಡಿಗಳ ಮೂಲಮಾದರಿಯೊಂದನ್ನು 1970ರ ದಶಕದಲ್ಲಿ ರೂಪಿಸಿದ ತಂಡದಲ್ಲಿದ್ದವರು ಅವರು. ಮರುವರ್ಷ ಜೂನಿನಲ್ಲಿ ವಾಜಪೇಯಿಯವರ ಬಲಮಂಡಿಯ ಸರದಿಯೂ ಬಂತು. ಆಗ ದೇಶದ ಮನೆಮನೆಗಳಲ್ಲಿ ಈ ಶಸ್ತ್ರಕ್ರಿಯೆಯ ಹೆಸರು ಕೇಳಿಬಂತು, ಜೊತೆಗೆ ಅದು ದೊಡ್ಡವರಿಗೆ ಮಾತ್ರ ಎಂಬ ಭಾವನೆಯೂ ಬೆಳೆಯಿತು. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಸರಾಸರಿ ಬೆಲೆ 1.58 ಲಕ್ಷ ರೂಪಾಯಿಯಿಂದ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಯಿತು. ಹೀಗೆ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು 2019ರ ಲೆಕ್ಕಾಚಾರವೊಂದು ಹೇಳುತ್ತದೆ.

ಹಾಗೆಂದು ನೋವು ಶುರುವಾದೊಡನೆ ಓಡಬೇಕಾಗಿಲ್ಲ. ಮೂರು ನಾಲ್ಕು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ, ತೂಕ ಇಳಿಸಿಯೂ, ರಾತ್ರಿ ನೋವಿನಿಂದ ನಿದ್ದೆ ಬಾರದಿದ್ದರೆ, ಮನೆಯಿಂದ ಹೊರಗೆ ಕಾಲಿಡುವುದೇ ನಿಂತುಹೋದರೆ ಆಗ ಹೆದರಿ ಮುಂದೂಡಬಾರದು. ಕಾಲು ಪೂರ್ತಿ ಸೊಟ್ಟಗಾಗಿ, ಸ್ನಾಯು ಬತ್ತಿಹೋದ ಮೇಲೆ ಮಾಡಿಸಿಕೊಂಡರೆ ಫಲವೂ ಕಡಿಮೆ. ಶಸ್ತ್ರಕ್ರಿಯೆಗೆ ಮೊದಲು ತೊಡೆ ಬಲಗೊಳಿಸಿಕೊಂಡವರು ಆಮೇಲೆ ಬೇಗ ಚೇತರಿಸಿಕೊಳ್ಳುತ್ತಾರೆ. ಮಾಡಿದ ವ್ಯಾಯಾಮ ಆಗಲೂ ವ್ಯರ್ಥವಾಗುವುದಿಲ್ಲ.

ಕೆಲವು ಲಕ್ಷಣಗಳಿಗೆ ಈ ಅಂಕಣದ ಸಲಹೆ ಸಾಲದು. ಮಂಡಿ ಬಿಸಿಯಾಗಿ ಕೆಂಪಗೆ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮೀನಖಂಡ ಒಂದೇ ಕಡೆ ಬಾತು ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿಯೂ ಬಿಡದಿದ್ದರೆ, ಬೆರಳ ಗಂಟುಗಳೂ ಊದಿದ್ದರೆ ಅದು ಬೇರೆ ಬಗೆಯ ಸಂಧಿವಾತವಿರಬಹುದು; ಅದಕ್ಕೆ ಬೇರೆಯೇ ಔಷಧ ಬೇಕು. ಫೋರ್ಟಿನವರಿಗೆ ಸರಕಾರಿ ಆಸ್ಪತ್ರೆ ದೂರವಿಲ್ಲ. ಸೇಂಟ್ ಜಾರ್ಜ್ ಆಸ್ಪತ್ರೆ ಸಿಎಸ್‌ಎಂಟಿಯ ಪಕ್ಕದಲ್ಲೇ ಇದೆ, ಜಿ.ಟಿ. ಆಸ್ಪತ್ರೆಯೂ ನಡೆದು ಹೋಗುವಷ್ಟೇ ದೂರ. ದೇಶದ ಮೊದಲ ಫಿಸಿಯೋಥೆರಪಿ ಶಾಲೆ 1953ರಲ್ಲಿ ಶುರುವಾದದ್ದು ಇದೇ ಊರಿನ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ. ಹಾಜಿ ಅಲಿಯಲ್ಲಿ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಮೂಳೆ ವಿಭಾಗದಲ್ಲಿ ತೋರಿಸಿದಾಗ ಗುಳಿಗೆಯ ಚೀಟಿಯನ್ನಷ್ಟೇ ಹಿಡಿದು ಮರಳಬೇಡಿ. "ಫಿಸಿಯೋಥೆರಪಿಗೂ ಬರೆದುಕೊಡಿ" ಎಂದು ಬಾಯಿಬಿಟ್ಟು ಕೇಳಿ.

ಮುಂಬಯಿಯ ನಮ್ಮ ಸಂಘ ಸಂಸ್ಥೆಗಳಲ್ಲಿ ಒಂದು ಬಿನ್ನಹವಿದೆ. ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ಮಾಡಿ, ಹಿರಿಯರ ಬಿಪಿ ನೋಡಿ, ಗುಳಿಗೆ ಹಂಚಿ, ಶಾಲು ಹೊದಿಸಿ ಕಳಿಸುತ್ತೀರಿ. ಆ ಖರ್ಚಿನ ಒಂದು ಪಾಲಿನಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿ ವಾರಕ್ಕೆ ಎರಡು ದಿನ, ಮೂರು ತಿಂಗಳು, ಹಿರಿಯರಿಗೆ ಮಂಡಿಯ ವ್ಯಾಯಾಮ ಕಲಿಸಿ. ಡೆನ್ಮಾರ್ಕಿನಲ್ಲಿ 2013ರಿಂದ ಇಂಥ ಗುಂಪು ವ್ಯಾಯಾಮದ ಕಾರ್ಯಕ್ರಮ ನಡೆಯುತ್ತಿದೆ, ಈಗ ಬೇರೆ ದೇಶಗಳಿಗೂ ಹರಡಿದೆ. ನಮಗೆ ಬೇಕಾಗುವುದು ಇಪ್ಪತ್ತು ಗಟ್ಟಿ ಕುರ್ಚಿ, ಒಂದು ಸಭಾಗೃಹ, ಕನ್ನಡವೋ ತುಳುವೋ ಕೊಂಕಣಿಯೋ ಮಾತಾಡುವ ಒಬ್ಬ ಶಿಕ್ಷಕ. ಸಭಾಗೃಹ ಮಾತ್ರ ನೆಲ ಅಂತಸ್ತಿನಲ್ಲೋ ಲಿಫ್ಟ್ ಇರುವ ಕಟ್ಟಡದಲ್ಲೋ ಇರಲಿ.